ಒಬ್ಬರ ನೀರು

ಆ ಬೀದಿಯ ನಲವತ್ತಾರು ಮನೆಗಳ ಗೇಟಿನ ಬಣ್ಣ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಒಂದೇ ಒಂದು ಮನೆಯ ಹಾಲಿನಲ್ಲಿ ಎಷ್ಟು ಕುರ್ಚಿಗಳಿವೆ ಎಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ. ಇಪ್ಪತ್ತೊಂಬತ್ತು ವರ್ಷ ನೀರಿನ ಮೀಟರ್ ಓದಿದವನ ಪಾಡು ಇಷ್ಟೇ. ಮೀಟರು ಇರುವುದು ಕಾಂಪೌಂಡಿನ ಹೊರಗೆ, ನೆಲದ ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ. ಕೊಕ್ಕೆ ಹಾಕಿ ಮುಚ್ಚಳ ಎತ್ತಬೇಕು, ಮಂಡಿಯೂರಬೇಕು, ಗಾಜಿನ ಮೇಲಿನ ಕೆಸರನ್ನು ಬಟ್ಟೆಯಿಂದ ಒರೆಸಬೇಕು, ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋಗಬೇಕು. ಒಳಗಿದ್ದವರಿಗೆ ಅವನು ಬಂದು ಹೋದದ್ದೇ ತಿಳಿಯುತ್ತಿರಲಿಲ್ಲ. ತಿಳಿದವರು ಕಿಟಕಿಯಿಂದ "ಯಾರದು?" ಅನ್ನುತ್ತಿದ್ದರು. ಇವನು "ಮೀಟರ್" ಅನ್ನುತ್ತಿದ್ದ. ಅಲ್ಲಿಗೆ ಮಾತುಕತೆ ಮುಗಿಯಿತು. ಹಾಗೆ ಹೇಳಿ ಹೇಳಿಯೇ ಅವನು ಎಲ್ಲರಿಗೂ ಮೀಟರಣ್ಣನಾದ. ಅಪ್ಪ ಅಮ್ಮ ಇಟ್ಟ ಹೆಸರು ಪಿಂಚಣಿ ಕಾಗದಕ್ಕೆ ಮಾತ್ರ ಬೇಕಾಗುತ್ತಿತ್ತು.

ಬೀದಿಯ ತುದಿಯ ಎರಡು ಕೋಣೆಯ ಮನೆ ಅವನದು. ಅವನದು ಅನ್ನುವುದಕ್ಕಿಂತ ಅಕ್ಕನದು ಅನ್ನಬೇಕು. ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಓದಿಸಿ, ನೀರಿನ ಕಚೇರಿಯ ಸಾಹೇಬರ ಕೈಕಾಲು ಹಿಡಿದು ಈ ಕೆಲಸಕ್ಕೆ ಸೇರಿಸಿದವಳು ಅವಳು. ಅಕ್ಕನ ಮದುವೆ ಆಗಲಿ ಎಂದು ತಮ್ಮ, ತಮ್ಮನದು ಆಗಲಿ ಎಂದು ಅಕ್ಕ, ಇಬ್ಬರೂ ಇವತ್ತು ನಾಳೆ ಅನ್ನುತ್ತಲೇ ತಲೆ ಬೆಳ್ಳಗಾಯಿತು. ಕೊನೆಗೆ ಕೇಳುವವರೇ ಸುಸ್ತಾಗಿ ಕೇಳುವುದನ್ನು ಬಿಟ್ಟರು. ಅಕ್ಕನಿಗೆ ಬಾಯಿ ಜಾಸ್ತಿ. ಅವನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಆ ದಿನದ ಸುದ್ದಿಯೆಲ್ಲ ಒಂದೇ ಉಸಿರಿನಲ್ಲಿ ಮುಗಿಸಿ, "ನೀನೇನೂ ಹೇಳಲ್ವಲ್ಲೋ, ಗೂಬೆ" ಎಂದು ಬೈಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಗಿತ್ತು. ಹೋದ ವರ್ಷ ಇವನಿಗೆ ನಿವೃತ್ತಿಯೂ ಆಯಿತು.

ಆಮೇಲೆ ಅವನ ದಿನಗಳು ಹೇಗಿದ್ದವು ಎಂದರೆ, ಕೆಲವು ದಿನ ಸಂಜೆಯವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆರು ಗಂಟೆಗೆ ಅಂಗಡಿಗೆ ಹೋಗಿ "ಒಂದು ಬೆಂಕಿಪೊಟ್ಟಣ" ಅನ್ನಲು ಹೊರಟರೆ ಗಂಟಲು ಕಟ್ಟಿರುತ್ತಿತ್ತು. ಮನೆಯಲ್ಲಿ ಹನ್ನೊಂದು ಬೆಂಕಿಪೊಟ್ಟಣಗಳು ಸೇರಿದ್ದವು. ಔಷಧಿ ಅಂಗಡಿಯಲ್ಲಿ ಮಾತಾಡಿಸುತ್ತಾರೆ ಎಂದು ಇಲ್ಲದ ತಲೆನೋವಿಗೆ ಮಾತ್ರೆ ತಂದದ್ದೂ ಉಂಟು. ಒಂಟಿತನ ಎಂಬ ಪದ ಅವನು ಬಳಸಿದವನಲ್ಲ. ಯಾರಾದರೂ ಕೇಳಿದರೆ "ಆರಾಮಾಗಿದ್ದೀನಿ" ಅನ್ನುತ್ತಿದ್ದ. ಕೇಳುವವರೇ ಇರಲಿಲ್ಲ, ಅದು ಬೇರೆ ಮಾತು.

ಹೀಗಿರುವಾಗ ಬೀದಿಯ ಆ ತುದಿಯಲ್ಲಿ, ಮುಚ್ಚಿಹೋಗಿದ್ದ ಬಿಸ್ಕತ್ತು ಕಾರ್ಖಾನೆಯ ಗೇಟಿಗೆ ಒಂದು ಬೋರ್ಡು ಬಂತು. ನಾಲ್ಕು ಕಟ್ಟಡ, ಒಂದೊಂದಕ್ಕೆ ಹನ್ನೊಂದು ಮಹಡಿ, ಒಟ್ಟು ಮುನ್ನೂರ ಇಪ್ಪತ್ತು ಮನೆ. ಆಕ್ಷೇಪಣೆ ಇದ್ದವರು ಪುರಸಭೆಗೆ ಬರೆದು ಕೊಡತಕ್ಕದ್ದು.

ಬೀದಿಗೆ ಬೀದಿಯೇ ಮೈ ಕೊಡವಿಕೊಂಡು ಎದ್ದಿತು. ಪಕ್ಕದ ಮನೆಯವರು ಆಸ್ಪತ್ರೆ ಸೇರಿದ್ದು ಮೂರು ತಿಂಗಳಾದ ಮೇಲೆ ತಿಳಿಯುತ್ತಿದ್ದ ಜನ ಈಗ ಒಬ್ಬರ ಗೇಟಿಗೊಬ್ಬರು ಅಂಟಿಕೊಂಡು ಮಾತಾಡತೊಡಗಿದರು. ಬಿಸಿಲು ಬರಲ್ಲ ಅಂದರು, ಕಾರು ನಿಲ್ಲಿಸಲು ಜಾಗ ಇರಲ್ಲ ಅಂದರು, ಚರಂಡಿ ಕಟ್ಟಿಕೊಳ್ಳುತ್ತದೆ ಅಂದರು. ಎಲ್ಲ ಹೇಳಿ ಮುಗಿದ ಮೇಲೆ ದನಿ ತಗ್ಗಿಸಿ, "ಎಂಥೆಂಥವರು ಬರ್ತಾರೋ ಏನೋ" ಅಂದರು. ಬರುವವರು ತಮ್ಮ ಹಾಗೆಯೇ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಜನ ಎಂದು ಯಾರಿಗೂ ಹೊಳೆದಂತೆ ಕಾಣಲಿಲ್ಲ.

ಮುಂದಾಳತ್ವ ಹದಿನೇಳನೇ ನಂಬರಿನ ಹೆಡ್ ಮಿಸ್ ಅವರದು. ಹೆಣ್ಣುಮಕ್ಕಳ ಶಾಲೆಯನ್ನು ಇಪ್ಪತ್ತು ವರ್ಷ ಕಣ್ಣಂಚಿನಲ್ಲೇ ಆಳಿದವರು. ಇಡೀ ಬೀದಿ ಈಗಲೂ ಅವರೆದುರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಅವರ ಬಲಗೈ ಎಂದರೆ ಮೂವತ್ತನೇ ನಂಬರಿನ ಹಲ್ಲಿನ ಡಾಕ್ಟರು. ಬೇರೆಯವರ ಬಾಯಿ ತೆರೆಸುವ ಕೆಲಸ ಮಾಡಿ ಮಾಡಿ, ಸ್ವಂತ ಬಾಯಿಗೆ ಸಿಕ್ಕ ಅವಕಾಶವನ್ನು ಅವರು ಬಿಡುತ್ತಿರಲಿಲ್ಲ.

ಹೆಡ್ ಮಿಸ್ ಒಂದು ಸಂಜೆ ಮೀಟರಣ್ಣನ ಮನೆಯ ಬಾಗಿಲಿಗೇ ಬಂದರು. ಅವನು ಗಾಬರಿಯಲ್ಲಿ ಬನಿಯನ್ನಿನ ಮೇಲೆ ಶರ್ಟನ್ನು ತಿರುವುಮುರುವು ಹಾಕಿಕೊಂಡು ಹೊರಗೆ ಬಂದ.

"ನಮ್ಮ ಬೀದಿ ನೀರಿನ ವಿಷಯ ನಿಮ್ಮಷ್ಟು ಯಾರಿಗೆ ಗೊತ್ತು ಹೇಳಿ? ಈಗಲೇ ನೀರು ಸಾಲಲ್ಲ. ಮುನ್ನೂರಿಪ್ಪತ್ತು ಮನೆ ಬಂದ್ರೆ ಗತಿ ಏನು? ನೀವು ಪುರಸಭೆ ವಿಚಾರಣೆಗೆ ಬಂದು ಅಂಕಿಅಂಶ ಕೊಡಬೇಕು."

"ಎಲ್ಲ ಇದೆ ಮೇಡಂ," ಅಂದ ಅವನು. ಕಚೇರಿಯ ರಿಜಿಸ್ಟರುಗಳನ್ನು ಗೆದ್ದಲು ತಿನ್ನುತ್ತದೆಂದು ಅವನು ಮೊದಲ ತಿಂಗಳಿನಿಂದಲೇ ಪ್ರತಿ ಓದನ್ನೂ ಒಂದು ಉದ್ದ ಪುಸ್ತಕಕ್ಕೆ ನಕಲು ಮಾಡಿಟ್ಟುಕೊಂಡಿದ್ದ. ಅಂಥ ಏಳು ಪುಸ್ತಕಗಳನ್ನು ಅಕ್ಕನ ಟ್ರಂಕಿನಿಂದ ತೆಗೆದು ತೋರಿಸಿದ. ಹೆಡ್ ಮಿಸ್ ಕನ್ನಡಕ ಏರಿಸಿ ಎರಡು ಪುಟ ತಿರುವಿ, "ಬಂಗಾರ ಕಣ್ರೀ ಇದು" ಅಂದರು. ಯಾರಾದರೂ ಅವನನ್ನು ಹೊಗಳಿ ಎಷ್ಟು ಕಾಲವಾಗಿತ್ತೋ, ಅವನ ಕಿವಿ ಕೆಂಪಾಯಿತು. "ಶನಿವಾರ ಆರು ಗಂಟೆಗೆ ನಮ್ಮನೆಗೆ ಬನ್ನಿ. ಪ್ರತಿ ಶನಿವಾರ ಸೇರ್ತೀವಿ."

ಆ ಶನಿವಾರ ಅವನು ಹದಿನೇಳನೇ ನಂಬರಿನ ಗೇಟು ದಾಟಿ ಮೊದಲ ಬಾರಿಗೆ ಒಳಗೆ ಹೋದ. ಹಾಲಿನಲ್ಲಿ ಒಂಬತ್ತು ಕುರ್ಚಿಗಳಿದ್ದವು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯನ್ನು ಅವನಿಗೆ ತೋರಿಸಿದರು. ಎರಡನೇ ವಾರಕ್ಕೆ ಅದು ಮೀಟರಣ್ಣನ ಕುರ್ಚಿ ಎಂದಾಯಿತು. ಬೇರೆ ಯಾರೋ ಕೂರಲು ಹೋದಾಗ ಡಾಕ್ಟರೇ, "ಏ, ಅದು ನಮ್ಮ ಮೀಟರಣ್ಣಂದು" ಎಂದು ಎಬ್ಬಿಸಿದರು. ಹೆಡ್ ಮಿಸ್ ಚಹಾ ತಂದು, "ಸಕ್ಕರೆ ಎಷ್ಟು ನಿಮಗೆ?" ಎಂದು ಕೇಳಿದರು. ಅಕ್ಕ ಕೇಳದೆಯೇ ಹಾಕುತ್ತಿದ್ದಳು, ಅವಳು ಹೋದ ಮೇಲೆ ಅವನು ಡಬ್ಬಿಯಿಂದ ಕೈಗೆ ಬಂದಷ್ಟು ಸುರಿದುಕೊಳ್ಳುತ್ತಿದ್ದ. "ಎಷ್ಟಾದ್ರೂ ಪರವಾಗಿಲ್ಲ" ಅಂದ. "ಹಾಗೆಲ್ಲ ಆಗಲ್ಲ, ಎಷ್ಟು ಅಂತ ಹೇಳಬೇಕು" ಎಂದು ಹೆಡ್ ಮಿಸ್ ಚಮಚ ಹಿಡಿದು ನಿಂತೇ ಇದ್ದರು. ಎರಡು ಅಂದ.

ಹನ್ನೊಂದು ಮಹಡಿಯ ಬಗ್ಗೆ ಅವನ ಅಭಿಪ್ರಾಯವೇನು ಎಂದರೆ, ಅವನಿಗೆ ಅಭಿಪ್ರಾಯವೇ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಬೆತ್ತದ ಕುರ್ಚಿ. ಡಾಕ್ಟರು ಮೇಜು ಗುದ್ದಿದಾಗ ಅವನೂ ಹೂಂಗುಟ್ಟುತ್ತಿದ್ದ. ಬೋರ್ಡು ಬಂದದ್ದು ತನ್ನ ಪುಣ್ಯ ಎಂದು ಒಳಗೊಳಗೇ ಅನ್ನಿಸುತ್ತಿತ್ತು, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಗುರುವಾರದಿಂದಲೇ ಶರ್ಟಿಗೆ ಇಸ್ತ್ರಿ ಮಾಡಿಡುತ್ತಿದ್ದ. ಶನಿವಾರದ ಸಮಿತಿಯವರು ಹೊಸ ಅಂಕಿ ಬೇಕೆಂದಾಗ ಹಳೆಯ ಕೊಕ್ಕೆ, ಬಟ್ಟೆ ಹಿಡಿದು ಎರಡು ತಿಂಗಳು ಮತ್ತೆ ಬೀದಿ ಸುತ್ತಿದ. ಈ ಸಲ ಕಿಟಕಿಗಳಿಂದ "ಯಾರದು?" ಅನ್ನಲಿಲ್ಲ, "ಏನ್ ಮೀಟರಣ್ಣ, ಬಿಡಬೇಡಿ ಅವರನ್ನ" ಅಂದರು. ಅವನು ಮಂಡಿ ನೋವನ್ನೇ ಮರೆತ.

ಐದು ತಿಂಗಳು ಹೀಗೆ ನಡೆಯಿತು. ಕಟ್ಟಡ ಬೇಡವೆಂಬ ಮನವಿಗೆ ಇನ್ನೂರ ಹನ್ನೆರಡು ಸಹಿ ಬಿತ್ತು. ವಿಚಾರಣೆ ಬರುವ ಮಂಗಳವಾರ ಎಂದು ನೋಟಿಸು ಬಂತು. "ಇಡೀ ಬೀದಿದು ತಿಂಗಳಿಗೆ ಎಷ್ಟು ನೀರು ಅಂತ ಒಂದು ಹಾಳೆಲಿ ಬರ್ಕೊಂಡು ಬನ್ನಿ, ಸಾಕು" ಎಂದರು ಹೆಡ್ ಮಿಸ್.

ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಆ ಪುಸ್ತಕಗಳನ್ನು ಒಮ್ಮೆಯೂ ಕೂಡಿರಲಿಲ್ಲ. ಮೀಟರ್ ಓದುವವನ ಕಣ್ಣು ಅಡ್ಡ ಸಾಲಿನ ಮೇಲೆ ಹೋಗುತ್ತದೆ. ಈ ಮನೆಯ ಹೋದ ತಿಂಗಳು ಎಷ್ಟು, ಈ ತಿಂಗಳು ಎಷ್ಟು, ಮುಂದಿನ ಮನೆ. ಬೀದಿ ಎಂಬುದು ಅವನ ಪುಸ್ತಕದಲ್ಲಿ ಇರಲೇ ಇಲ್ಲ. ಈಗ ಅಡುಗೆ ಮನೆಯ ಮೇಜಿನ ಮೇಲೆ ಏಳೂ ಪುಸ್ತಕ ಹರಡಿಕೊಂಡು ಮೇಲಿನಿಂದ ಕೆಳಕ್ಕೆ ಕೂಡತೊಡಗಿದ. ಮೊದಲ ವರ್ಷ ಬೀದಿ ತಿಂಗಳಿಗೆ ಸಾವಿರದ ನೂರೈವತ್ತು ಯೂನಿಟ್ ನೀರು ಕುಡಿದಿತ್ತು. ಹತ್ತು ವರ್ಷಕ್ಕೆ ಒಂಬೈನೂರಾಯಿತು. ಆಮೇಲೆ ಏಳುನೂರು. ಹೋದ ತಿಂಗಳು ನಾನೂರ ಎಂಬತ್ತು. ಕೂಡಿದ್ದು ತಪ್ಪಿರಬೇಕೆಂದು ಮತ್ತೆ ಕೂಡಿದ. ಮೂರನೇ ಸಲವೂ ಅಷ್ಟೇ ಬಂತು.

ನೀರು ಸಾಲದೇ ಇರುವುದಿರಲಿ, ಬೀದಿಗೆ ಬರುವ ನೀರಿನಲ್ಲಿ ಅರ್ಧಕ್ಕರ್ಧ ಮುಟ್ಟುವವರೇ ಇರಲಿಲ್ಲ.

ಕಾರಣ ಹುಡುಕಲು ಒಂದೊಂದೇ ಮನೆಯ ಸಾಲು ಹಿಡಿದ. ಇಪ್ಪತ್ತೈದು, ಇಪ್ಪತ್ತೆರಡು ಇದ್ದ ಮನೆಗಳು ವರ್ಷ ಕಳೆದಂತೆ ಹದಿನೈದಕ್ಕೆ, ಹತ್ತಕ್ಕೆ ಇಳಿದಿದ್ದವು. ಹತ್ತೊಂಬತ್ತು ಮನೆಗಳಲ್ಲಿ ಕೊನೆಗೆ ಒಂದೇ ಅಂಕಿ: ನಾಲ್ಕು. ನಾಲ್ಕು ಎಂದರೇನು ಎಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ತನ್ನ ಮನೆಯ ಪುಟ ತೆಗೆದ. ಎಂಟು, ಎಂಟು, ಎಂಟು ಎಂದು ಸಾಲು ಹೋಗಿ, ಅಕ್ಕ ತೀರಿಕೊಂಡ ತಿಂಗಳಿಗೆ ಆರಾಗಿ, ಮುಂದಿನ ತಿಂಗಳಿನಿಂದ ನಾಲ್ಕಾಗಿತ್ತು. ಆ ಆರನ್ನೂ ಆ ನಾಲ್ಕನ್ನೂ ತನ್ನ ಕೈಯಾರೆ, ನೀಲಿ ಶಾಯಿಯಲ್ಲಿ, ಅಂದವಾಗಿ ಬರೆದಿದ್ದ. ಬರೆದು ಮುಚ್ಚಳ ಹಾಕಿ ಮುಂದಿನ ಮನೆಗೆ ಹೋಗಿದ್ದ. ನಾಲ್ಕು ಎಂದರೆ ಒಬ್ಬರ ನೀರು. ಈ ಬೀದಿಯಲ್ಲಿ ಹತ್ತೊಂಬತ್ತು ಜನ ತನ್ನ ಹಾಗೆಯೇ ಒಂದು ತಟ್ಟೆ, ಒಂದು ಲೋಟ ತೊಳೆದಿಡುತ್ತಿದ್ದಾರೆ. ಅದು ತಿಳಿಯಬಹುದಾಗಿದ್ದದ್ದು ತನಗೊಬ್ಬನಿಗೇ, ಆ ತನಗೇ ತಿಳಿದಿರಲಿಲ್ಲ. ಅವನಿಗೆ ಅಳು ಬಂತು. ಅಳು ಅಕ್ಕನಿಗಾಗಿಯೋ ತನಗಾಗಿಯೋ ಬೀದಿಗಾಗಿಯೋ ತಿಳಿಯದೆ ಸುಮ್ಮನೆ ಕೂತು ಅತ್ತ.

ಹದಿನೇಳನೇ ನಂಬರೂ ನಾಲ್ಕೇ. ಮನವಿಯಲ್ಲಿ ಆ ಮನೆಯಿಂದ ಆರು ಸಹಿಗಳಿದ್ದವು: ಹೆಡ್ ಮಿಸ್, ಅವರ ತಮ್ಮ, ತಮ್ಮನ ಹೆಂಡತಿ, ಮೂರು ಮಕ್ಕಳು.

ಶನಿವಾರದವರೆಗೆ ಕಾಯಲಾರದೆ ಅವನು ಗುರುವಾರವೇ ಹೋದ. ಹೆಡ್ ಮಿಸ್ ಹಾಳೆಯನ್ನು ಓದಿದರು. ಶಾಲೆಯಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದಂತೆ ಬೆರಳಿಟ್ಟು ಓದಿದರು. ಒಟ್ಟಿನ ಹತ್ತಿರ ಬೆರಳು ನಿಂತಿತು.

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ ಮೇಡಂ. ಮೊದಲು ನಿಮಗೇ ಅಂತ."

"ಮನೆ ಮನೆದೂ ಬರ್ಕೊಂಡಿದ್ದೀರಾ?"

"ಪುಸ್ತಕದಲ್ಲಿದೆ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮನೆಯೊಳಗೆ ಬೇರೆ ಸದ್ದಿಲ್ಲ. ಶನಿವಾರಗಳಲ್ಲಿ ಗಮನಿಸದೆ ಹೋಗಿದ್ದ ಸಂಗತಿಗಳೆಲ್ಲ ಅವನಿಗೆ ಈಗ ಒಂದೊಂದಾಗಿ ಕಂಡವು. ಮೆಟ್ಟಿಲ ಬುಡದ ಬಾಗಿಲಿಗೆ ಬೀಗ. ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ.

"ಪೈಪ್ ಒಡೆದಿತ್ತಲ್ಲ, ನಾಲ್ಕು ವರ್ಷದ ಹಿಂದೆ," ಅಂದರು ಹೆಡ್ ಮಿಸ್. "ಆ ತಿಂಗಳು ಎಷ್ಟಿತ್ತು?"

"ಸಾವಿರದ ಮುನ್ನೂರು. ಒತ್ತಡಕ್ಕೆ ಎಲ್ಲರ ಮನೆ ಒಳಗಿನ ಪೈಪೂ ಸೋರಿತ್ತು."

"ಅದನ್ನ ಹೇಳಿ. ಸುಳ್ಳಲ್ಲವಲ್ಲ."

ಸುಳ್ಳಲ್ಲ ನಿಜ. ಅವನು ಕಣ್ಣಾರೆ ನೋಡಿ ಬರೆದ ಅಂಕಿಯೇ ಅದು. ಅವನು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯ ಕಡೆ ನೋಡಿದ. ಇಲ್ಲ ಅಂದರೆ ಮುಂದಿನ ಶನಿವಾರ ಅದರಲ್ಲಿ ಯಾರು ಕೂರುತ್ತಾರೆ ಎಂಬ ಪ್ರಶ್ನೆಯೊಂದೇ ಅವನ ತಲೆಯಲ್ಲಿದ್ದದ್ದು. ನಾಚಿಕೆಗೇಡಿನ ಮಾತೇ, ಆದರೆ ಇದ್ದದ್ದು ಅದೇ. "ಆಯ್ತು ಮೇಡಂ," ಅಂದ. ಅವರು ಚಹಾ ಮಾಡಿ ತಂದರು. ಕೇಳದೆಯೇ ಎರಡು ಚಮಚ ಹಾಕಿದ್ದರು.

ಮಂಗಳವಾರ ಡಾಕ್ಟರ ಕಾರಿನಲ್ಲಿ ಮುಂದಿನ ಸೀಟು ಅವನಿಗೇ ಬಿಟ್ಟುಕೊಟ್ಟರು. ಪುರಸಭೆಯ ಮೇಲಿನ ಹಾಲಿನಲ್ಲಿ ಒಂದು ಉದ್ದ ಮೇಜು, ಅದರ ಹಿಂದೆ ಕೆಮ್ಮುತ್ತಿದ್ದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಟೈಪಿಸ್ಟು. ಒಂದು ಕಡೆ ಕಟ್ಟಡ ಕಟ್ಟುವ ಕಂಪನಿಯವರು, ಇನ್ನೊಂದು ಕಡೆ ಬೀದಿಯವರು. ಡಾಕ್ಟರು ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಹೆಡ್ ಮಿಸ್, "ಇಪ್ಪತ್ತೊಂಬತ್ತು ವರ್ಷ ನಮ್ಮ ಬೀದಿಯ ಮೀಟರ್ ಓದಿದವರು ಇದ್ದಾರೆ. ಅವರ ಮಾತು ಕೇಳಿ" ಎಂದು ಅವನನ್ನು ಎಬ್ಬಿಸಿದರು. ಅವನು ಪೈಪ್ ಒಡೆದ ತಿಂಗಳ ಅಂಕಿ ಓದಿದ. ಬೀದಿಯವರು ಚಪ್ಪಾಳೆ ತಟ್ಟಿದರು. ಟೈಪಿಸ್ಟು ಹೊಡೆದುಕೊಂಡಳು. ಅಲ್ಲಿಗೆ ಅವನು ಕೂತುಬಿಡಬಹುದಿತ್ತು.

"ಇದು ಒಂದು ತಿಂಗಳದ್ದಾಯ್ತು," ಅಂದರು ಅಧಿಕಾರಿ. "ಹೋದ ತಿಂಗಳು ಎಷ್ಟು?"

ಹೆಚ್ಚೂ ಕಡಿಮೆ ಅಷ್ಟೇ ಸಾರ್. ಆ ನಾಲ್ಕು ಪದ ಅವನ ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಕೈಯಲ್ಲಿ ಪುಸ್ತಕವಿತ್ತು, ಕಣ್ಣು ಅದರ ಮೇಲೆ ಹೋಯಿತು. ಇಡೀ ಜೀವಮಾನ ಕಣ್ಣು ಕಂಡದ್ದನ್ನು ಬಾಯಿ ಓದಿದೆ. ಅರವತ್ತನೇ ವಯಸ್ಸಿನಲ್ಲಿ ಅದಕ್ಕೆ ಬೇರೆ ಅಭ್ಯಾಸ ಮಾಡಿಸಲು ಅವನಿಂದ ಆಗಲಿಲ್ಲ.

"ನಾನೂರ ಎಂಬತ್ತು ಸಾರ್."

ಹಿಂದಿನಿಂದ ಡಾಕ್ಟರು, "ಯಾವ್ದೋ ತಪ್ಪು ಪುಟ ತೆಗ್ದಿದ್ದಾರೆ" ಅಂದರು.

"ಸಾವಿರದ ಮುನ್ನೂರು ಎಲ್ಲಿ, ನಾನೂರ ಎಂಬತ್ತು ಎಲ್ಲಿ? ಯಾಕೆ ಇಷ್ಟು ಕಡಿಮೆ?"

"ಅದು ಪೈಪ್ ಒಡೆದ ತಿಂಗಳದ್ದು. ಬೇರೆ ತಿಂಗಳೆಲ್ಲ ಕಡಿಮೇನೇ. ಜನ ಇಲ್ಲ ಸಾರ್ ಬೀದೀಲಿ."

ಅಧಿಕಾರಿ ಮನವಿಯ ಕಟ್ಟು ಎತ್ತಿದರು. "ಇನ್ನೂರ ಹನ್ನೆರಡು ಸಹಿ ಇದೆಯಲ್ಲ ಇಲ್ಲಿ. ಯಾವ ಮನೇಲಿ ಎಷ್ಟು ಜನ ಅಂತ ನಿಮ್ಮ ಪುಸ್ತಕ ನೋಡಿದ್ರೆ ಗೊತ್ತಾಗುತ್ತಾ? ಕೊಡಿ ಇಲ್ಲಿ."

ಅವನು ಪುಸ್ತಕವನ್ನು ಎದೆಗವಚಿಕೊಂಡ. ಹೆಡ್ ಮಿಸ್ ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಹಿಡಿದುಕೊಂಡು ನೆಲ ನೋಡುತ್ತಿದ್ದರು. ಇಪ್ಪತ್ತು ವರ್ಷ ಒಂದು ಶಾಲೆಯನ್ನು ತಲೆಯೆತ್ತಿ ಆಳಿದವರು ಹಾಗೆ ತಲೆ ತಗ್ಗಿಸಿದ್ದನ್ನು ಅವನು ನೋಡಲಾರದೆ ಹೋದ.

"ಬೀದಿಯ ಒಟ್ಟು ಹೇಳಿದ್ದೀನಿ ಸಾರ್. ಮನೆ ಮನೆದು ಕೊಡಲ್ಲ. ಅದು ಅವರವರ ಮನೆ ವಿಷಯ."

"ಹಾಗಾದ್ರೆ ನೀವು ಹೇಳೋದನ್ನ ನಂಬೋದು ಹೇಗೆ?"

"ನನ್ನ ಮನೆದು ಬರ್ಕೊಳ್ಳಿ. ನಲವತ್ತಾರನೇ ನಂಬರು. ನಾಲ್ಕು ಯೂನಿಟ್." ಅವನ ದನಿ ಅವನಿಗೇ ದೂರದಲ್ಲಿ ಕೇಳಿಸಿತು. "ನಾನೊಬ್ಬನೇ ಇರೋದು. ಅಕ್ಕ ಹೋದ್ಮೇಲೆ ಯಾರೂ ಇಲ್ಲ."

ಆ ಮಾತನ್ನು ಅವನು ಯಾರೆದುರಿಗೂ ಆಡಿರಲಿಲ್ಲ. ಟೈಪಿಸ್ಟು ಅದನ್ನೂ ಹೊಡೆದುಕೊಂಡಳು.

ವಾಪಸು ಬರುವಾಗ ಡಾಕ್ಟರ ಕಾರಿನಲ್ಲಿ ಜಾಗವಿರಲಿಲ್ಲ. ಬೆಳಿಗ್ಗೆ ಬಂದಷ್ಟೇ ಜನ ಇದ್ದರು, ಆದರೆ ಜಾಗವಿರಲಿಲ್ಲ. ಅವನು ನಡೆದುಕೊಂಡೇ ಬಂದ. ಮೂರು ವಾರಕ್ಕೆ ಆದೇಶ ಬಂತು. ಎರಡು ಮಹಡಿ ಕಡಿತ ಮಾಡಿ ಕಂಪನಿಗೆ ಅನುಮತಿ ಕೊಟ್ಟಿದ್ದರು. ತಪ್ಪೆಲ್ಲ ಮೀಟರಣ್ಣನ ತಲೆಗೆ ಬಂತು. ಕಂಪನಿಯವರು ಅವನ ಕೈ ಬೆಚ್ಚಗೆ ಮಾಡಿದ್ದಾರೆ ಎಂದರು ಕೆಲವರು. ಮೊದಲು ಬೀದಿಯವರು ಅವನೊಂದಿಗೆ ಮಾತಾಡುತ್ತಿರಲಿಲ್ಲ, ಈಗ ಮಾತು ಬಿಟ್ಟಿದ್ದರು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲಿನದರಲ್ಲಿ ಬೆಂಕಿಪೊಟ್ಟಣ ತರಲಿಕ್ಕಾದರೂ ಹೋಗಬಹುದಿತ್ತು. ಈಗ ಅಂಗಡಿಯಲ್ಲಿ ಅವನು ಹೋದೊಡನೆ ಗಿರಾಕಿಗಳು ಗಪ್‌ಚುಪ್ಪಾಗುತ್ತಿದ್ದರು. ಶನಿವಾರದ ಸಭೆ ಡಾಕ್ಟರ ಮನೆಗೆ ಹೋಯಿತು. ಆರು ಗಂಟೆಗೆ ಮೂವತ್ತನೇ ನಂಬರಿನ ಮುಂದೆ ಚಪ್ಪಲಿಗಳು ಸೇರುವುದನ್ನು ಅವನು ದೂರದಿಂದ ನೋಡುತ್ತಿದ್ದ.

ಅಂಥ ಒಂದು ಶನಿವಾರ, ಇನ್ನೂ ಬೆಳಕಿರುವಾಗಲೇ, ಅವನು ಹದಿನೇಳನೇ ನಂಬರಿನ ಮುಂದೆ ಹಾದು ಹೋಗುತ್ತಿದ್ದಾಗ ಹೆಡ್ ಮಿಸ್ ಗೇಟಿನ ಒಳಗೆ ನಿಂತಿದ್ದರು. ಅವನು ತಲೆ ತಗ್ಗಿಸಿ ನಡೆದ.

"ನಿಲ್ಲಿ," ಅಂದರು. ಶಾಲೆಯ ದನಿಯೇ. ಅವನು ನಿಂತ.

"ಡಾಕ್ಟ್ರ ಮನೆಗೆ ಹೋಗಿಲ್ವಾ ಮೇಡಂ?"

"ಕರೆದ್ರು. ಆರು ಸಹಿ ಹೇಗೆ ಬಂತು ಅಂತ ಎಲ್ಲರೂ ಮುಖ ನೋಡ್ತಾರೆ. ನೀವು ಹೇಳ್ಲಿಲ್ಲ, ನನಗ್ಗೊತ್ತು. ಆದ್ರೂ ತಿಳೀತು." ಅವರು ಗೇಟಿನ ಚಿಲಕದ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ. "ತಮ್ಮನ ಹೆಂಡತಿಗೂ ನನಗೂ ಮೇಲಿನ ಕೋಣೆ ವಿಷಯಕ್ಕೆ ಜಗಳ ಆಯ್ತು. ಸಣ್ಣ ಜಗಳ. ಊರಿನ ಆ ಕಡೆ ಮನೆ ಮಾಡಿದ್ರು. ಎರಡು ದಿನದಲ್ಲಿ ಬರ್ತಾರೆ ಅಂತ ನಾನು ಯಾರಿಗೂ ಹೇಳ್ಲಿಲ್ಲ. ಆಮೇಲೆ ಹೇಳೋಕೆ ಆಗ್ಲಿಲ್ಲ. ಯಾವ ವರ್ಷ ಅಂತಾನೂ ಈಗ ಸರಿಯಾಗಿ ನೆನಪಿಲ್ಲ. ನಿಮ್ಮ ಪುಸ್ತಕದಲ್ಲಿದ್ಯಾ?"

ಪುಸ್ತಕ ಬೇಕಾಗಿರಲಿಲ್ಲ. ಆ ಸಾಲನ್ನು ಅವನು ಎಷ್ಟೋ ಸಲ ನೋಡಿದ್ದ. "ಹನ್ನೊಂದು ವರ್ಷ ಆಯ್ತು ಮೇಡಂ. ಮಾರ್ಚಿ ತಿಂಗಳು. ಇಪ್ಪತ್ಮೂರು ಇದ್ದದ್ದು ನಾಲ್ಕಾಯ್ತು."

ಹೆಡ್ ಮಿಸ್ ತಿರುಗಿ ಮೇಲಿನ ಕೋಣೆಯ ಕಿಟಕಿಯ ಕಡೆ ನೋಡಿದರು.

"ಹನ್ನೊಂದು ವರ್ಷದ ಹಿಂದೇನೇ ನಿಮಗೆ ಗೊತ್ತಿತ್ತು," ಅಂದರು ಆಮೇಲೆ. ಆಕ್ಷೇಪಣೆಯ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ. "ಇಡೀ ಬೀದೀಲಿ ನಿಮಗೊಬ್ಬರಿಗೆ. ಯಾಕೆ ಒಂದು ಸಲ ಬಾಗಿಲು ತಟ್ಟಲಿಲ್ಲ?"

ಅವನು ಎಷ್ಟು ಯೋಚಿಸಿದರೂ ಇದ್ದದ್ದು ಒಂದೇ ಉತ್ತರ.

"ಮೀಟರು ನಿಂತುಹೋದ್ರೆ ಮಾತ್ರ ತಟ್ಟಬೇಕು ಅಂತ ನಿಯಮ ಮೇಡಂ. ನಿಮ್ಮದು ಓಡ್ತಾ ಇತ್ತು."

"ಹೌದು," ಅಂದರು ಹೆಡ್ ಮಿಸ್. "ಓಡ್ತಾ ಇತ್ತು."

ಅವರು ಚಿಲಕದಿಂದ ಕೈ ತೆಗೆದು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಅವನು ಇನ್ನೂ ಸ್ವಲ್ಪ ಹೊತ್ತು ಗೇಟಿನ ಹೊರಗೆ ನಿಂತಿದ್ದು, ಆಮೇಲೆ ಮನೆಯ ದಾರಿ ಹಿಡಿದ.